ಮಹಾದೇವಿಯ ರೊಟ್ಟಿ ಖೋಲಿ

ಈ ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಕೈಗೆ ಒಂದು ಚೀಲ ಕೊಟ್ಟರು. ಅದರಲ್ಲಿ ನಿರೋಧ್ ಪೊಟ್ಟಣಗಳು, ಎಚ್‌ಐವಿ ಬಗ್ಗೆ ಚಿತ್ರಗಳಿದ್ದ ಒಂದು ಪುಸ್ತಕ, ಮತ್ತು ನಿರೋಧ್ ಹಾಕುವ ಬಗೆಯನ್ನು ತೋರಿಸಲು ಕಟ್ಟಿಗೆಯಲ್ಲಿ ಕಡೆದ ಒಂದು ಮಾದರಿ ಇದ್ದವು. ಮನೆಯಲ್ಲಿ ಅತ್ತೆ ಇದ್ದರು. ಹಾಗಾಗಿ ಆ ಮಾದರಿಯನ್ನು ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡು ಓಡಾಡುತ್ತಿದ್ದೆ. ಒಂದು ದಿನ ಪುಣೆಯ ಶಿವಾಜಿನಗರದಲ್ಲಿ ಸಿಟಿ ಬಸ್ಸು ಹತ್ತುವ ಗದ್ದಲದಲ್ಲಿ ಚೀಲ ಬಾಯಿಬಿಟ್ಟಿತು. ಮಾದರಿ ಸೀಟುಗಳ ಕೆಳಗೆ ಉರುಳುತ್ತ ಹೋಗಿ ಧೋತರ ಉಟ್ಟ ಒಬ್ಬ ಹಿರಿಯರ ಕಾಲ ಬಳಿ ನಿಂತಿತು. ಅವರು ಅದನ್ನು ಎತ್ತಿ, ಹಿಂದೆಮುಂದೆ ತಿರುಗಿಸಿ ನೋಡಿ, ನಿಮ್ಮ ಬೀಸುಕಲ್ಲಿನ ಗೂಟ ಬಿತ್ತು ನೋಡಿ ಬಾಯಿ ಎಂದು ಮರಾಠಿಯಲ್ಲಿ ಹೇಳಿ ಕೊಟ್ಟರು. ಹೌದು, ನಮ್ಮ ಅತ್ತೆಯವರದು ಎಂದು ನಾನೂ ಮರಾಠಿಯಲ್ಲೇ ಹೇಳಿ ಇಸಿದುಕೊಂಡೆ. ನನ್ನ ನಾಚಿಕೆ ಅಂದಿಗೆ ಮುಗಿಯಿತು. ನಿಮಗೂ ಮುಗಿಯುತ್ತದೆ, ಗಾಬರಿಯಾಗಬೇಡಿ.

ನಿವೃತ್ತಿಯಾದ ಮೇಲೆ ನನಗೆ ಮಾಡಲು ಕೆಲಸ ಕಡಿಮೆ, ಆಡಲು ಮಾತು ಬಹಳ. ಸಂಸ್ಥೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಈಚೆಗೆ ಮನೆಗೆ ಬಂದು, ನಿಮ್ಮ ಅನುಭವ ಹೇಳಿ ಮೇಡಂ ಅಂದರು. ಚಹಾ ಕುಡಿಸಿ ಕಳಿಸಿದೆ. ಹೇಳಬೇಕಾದದ್ದನ್ನು ಹೇಳಲಿಲ್ಲ ಅನ್ನಿಸಿತು. ಅದಕ್ಕೇ ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇಲ್ಲ. ಆ ಶಾಲುಗಳು ಟ್ರಂಕಿನಲ್ಲಿವೆ, ಚಳಿಗೂ ಬರುವುದಿಲ್ಲ.

ನಾನು ವಿಜಯಪುರದ ಕಡೆಯವಳು. ಮದುವೆಯಾಗಿ ಪುಣೆಗೆ ಬಂದೆ. ನಮ್ಮವರು ಇಲ್ಲಿಯ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ನನಗೆ ಈ ಕೆಲಸ ಸಿಕ್ಕಿದ್ದು ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಊರ ನಡುವಿನ ಹಳೆಯ ಪೇಟೆಯ ಗಲ್ಲಿಯಲ್ಲಿ ಧಂಧೆ ಮಾಡುವ ಹೆಂಗಸರಲ್ಲಿ ನಮ್ಮ ಕಡೆಯವರು ಬಹಳ. ಮರಾಠಿಯಲ್ಲಿ ಕೇಳಿದರೆ ಹೂಂ ಅನ್ನುತ್ತಿದ್ದರು, ಕನ್ನಡದಲ್ಲಿ ಕೇಳಿದರೆ ಜಗಳಕ್ಕೆ ನಿಲ್ಲುತ್ತಿದ್ದರು. ಜಗಳಕ್ಕೆ ನಿಲ್ಲುವವರ ಹತ್ತಿರವೇ ಕೆಲಸ ಆಗುವುದು ಎಂದು ನಮ್ಮ ಮೇಲಧಿಕಾರಿ ಕುಲಕರ್ಣಿ ಸರ್ ಅವರಿಗೆ ಹೇಗೋ ಗೊತ್ತಿತ್ತು. ಅವರು ಸೊಲ್ಲಾಪುರದವರು. ಕನ್ನಡ ಮರಾಠಿ ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಿ ಆಡುವ ಒಳ್ಳೆಯ ಮನುಷ್ಯ. ನಿಯಮದ ವಿಷಯಕ್ಕೆ ಬಂದರೆ ಮಾತ್ರ ಗೋಡೆ.

ಹೆಂಗಸರಿಗೆ ಬೇರೆ ದುಡಿಮೆ ಕಲಿಸಿದರೆ ರೋಗದಿಂದ ಉಳಿಯುತ್ತಾರೆ ಎಂಬ ಮಾತು ನಾನು ಸೇರುವ ಮೊದಲೇ ಕಚೇರಿಯಲ್ಲಿತ್ತು. ಮಾತು ಸರಿಯಾಗಿಯೇ ಇತ್ತು, ಹೇಗೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಒಂದು ವರ್ಷ ಹೊಲಿಗೆ ಕಲಿಸಿದೆವು. ತರಗತಿ ಇಟ್ಟದ್ದು ಬೆಳಿಗ್ಗೆ. ಅವರು ಮಲಗುವುದೇ ಆಗ. ಬಂದವರು ಮಷಿನ್ನಿನ ಮೇಲೇ ತಲೆಯಿಟ್ಟು ನಿದ್ದೆ ಮಾಡಿದರು. ಮರುವರ್ಷ ಫಿನಾಯಿಲ್ ಮಾಡಲು ಕಲಿಸಿದೆವು. ಡಬ್ಬಿ ಡಬ್ಬಿ ಫಿನಾಯಿಲ್ ಆಯಿತು. ಯಾವ ಅಂಗಡಿಯವನೂ ಕೊಳ್ಳಲಿಲ್ಲ. ಕೊನೆಗೆ ಅದನ್ನೆಲ್ಲ ಆ ಗಲ್ಲಿಯ ಮೆಟ್ಟಿಲಿಗೆ, ಮೋರಿಗೆ ಸುರಿದು ತೊಳೆದರು. ಬಂದ ಗಿರಾಕಿಗಳು ಇದೇನು ದವಾಖಾನೆಯೋ ಎಂದು ಹೊಳ್ಳಿಹೋದರಂತೆ. ಹೆಂಗಸರು ನಮ್ಮನ್ನು ಹಿಡಿದು ಬೈದರು.

ಆ ಬೈದವರಲ್ಲಿ ಎಲ್ಲರಿಗಿಂತ ಜೋರು ಬಾಯಿ ಮಹಾದೇವಿಯದು. ಅದು ಅವಳ ನಿಜವಾದ ಹೆಸರಲ್ಲ. ಇದನ್ನು ಬರೆಯುವ ಮೊದಲು ಫೋನ್ ಮಾಡಿ, ಬರೆಯಬಹುದೇ, ಏನು ಹೆಸರು ಹಾಕಲಿ ಎಂದು ಅವಳನ್ನೇ ಕೇಳಿದೆ. "ಬರೀರಿ ಅಕ್ಕಾರ, ಏನಾಗತದ. ಮಹಾದೇವಿ ಅಂತ ಹಾಕ್ರಿ. ಸಣ್ಣಾಕಿ ಇದ್ದಾಗ ಆ ಹೆಸರ ಮ್ಯಾಲೆ ಭಾಳ ಆಸೆ ಇತ್ತು" ಅಂದಳು.

ಅವಳು ಆ ಗಲ್ಲಿಗೆ ಹೇಗೆ ಬಂದಳು ಎಂಬುದನ್ನು ನಾನು ಬರೆಯುವುದಿಲ್ಲ. ಹೊಸಬರು ಎಲ್ಲಕ್ಕಿಂತ ಮೊದಲು ಅದನ್ನೇ ಕೇಳುತ್ತಾರೆ. ಕೇಳಬೇಡಿ. ಅವರು ಒಬ್ಬೊಬ್ಬರಿಗೆ ಒಂದೊಂದು ಕಥೆ ಹೇಳುತ್ತಾರೆ, ನೀವು ಕಣ್ಣೊರೆಸಿಕೊಳ್ಳುತ್ತೀರಿ, ನೀವು ಹೋದ ಮೇಲೆ ಅವರು ನಗುತ್ತಾರೆ. ಅವರಿಗೆ ನಾಳೆ ಏನಾಗಬೇಕು ಎಂದು ಕೇಳಿ, ನಿಜ ಹೊರಬರುತ್ತದೆ. ಮಹಾದೇವಿಗೆ ಬೇಕಾಗಿದ್ದು ಇಷ್ಟೇ: ಪುಣೆಯ ಅಂಚಿನ ಕಾತ್ರಜದ ಕಡೆ ಒಂದು ಬಾಡಿಗೆ ಖೋಲಿಯಲ್ಲಿ ಅವಳ ತಾಯಿ ಮತ್ತು ಮಗಳು ಇದ್ದರು, ಅವರು ಅಲ್ಲೇ ನೆಮ್ಮದಿಯಾಗಿ ಇರಬೇಕು, ಹುಡುಗಿ ಶಾಲೆ ಬಿಡಬಾರದು, ಮತ್ತು ತಾನು ಆ ಹುಡುಗಿ ದೊಡ್ಡವಳಾಗುವ ತನಕ ಬದುಕಿರಬೇಕು. ಮೂರು ತಿಂಗಳಿಗೊಮ್ಮೆ ತಾನಾಗಿಯೇ ರಕ್ತ ತೋರಿಸಲು ಬರುತ್ತಿದ್ದಳು. ಬೇರೆಯವರನ್ನು ನಾನು ಎಳೆದು ತರಬೇಕಿತ್ತು.

ಗಿರಾಕಿಗಳ ವಿಷಯದಲ್ಲಿ ಅವಳದು ಕಡ್ಡಿ ಮುರಿದಂಥ ಮಾತು. "ಹಾಕ್ಕೊಂಡ್ರ ಒಳಗ ಬಾ, ಇಲ್ಲಾಂದ್ರ ಹಾದಿ ಹಿಡಿ ಅಂತೀನ್ರಿ" ಅನ್ನುತ್ತಿದ್ದಳು. ಅದು ನಿಜವೂ ಆಗಿತ್ತು. ಒಬ್ಬ ದಡೂತಿ ಆಸಾಮಿಯನ್ನು ಅವಳು ಮೆಟ್ಟಿಲ ತನಕ ದಬ್ಬಿಕೊಂಡು ಬಂದದ್ದನ್ನು ನಾನೇ ನೋಡಿದ್ದೇನೆ. ಇಂಥವಳಿಗೆ ಏನಾಗುತ್ತದೆ ಎಂದು ನಾವೆಲ್ಲ ನಿಶ್ಚಿಂತರಾಗಿದ್ದೆವು.

ಅಷ್ಟರಲ್ಲಿ ಅವಳ ಪಕ್ಕದ ಖೋಲಿಯ ಹೆಂಗಸಿಗೆ ಎಚ್‌ಐವಿ ಇದೆ ಎಂದು ಗೊತ್ತಾಯಿತು. ಆಕೆಯೂ ಗಿರಾಕಿಗಳ ವಿಷಯದಲ್ಲಿ ಇಷ್ಟೇ ಕಟ್ಟುನಿಟ್ಟು. ಹಾಗಾದರೆ ಬಂತೆಲ್ಲಿಂದ? ಬಂದದ್ದು ಮನೆಯವನಿಂದ. ಆ ಗಲ್ಲಿಯಲ್ಲಿ ಬಹಳ ಜನ ಹೆಂಗಸರಿಗೆ ಹೀಗೆ ಒಬ್ಬ ಕಾಯಂ ಗಂಡಸು ಇರುತ್ತಾನೆ. ತಾಳಿ ಕಟ್ಟಿರುವುದಿಲ್ಲ, ಆದರೆ ದೀಪಾವಳಿಗೆ ಸೀರೆ ತರುತ್ತಾನೆ, ಜ್ವರ ಬಂದರೆ ಗುಳಿಗೆ ತರುತ್ತಾನೆ, ಮಕ್ಕಳ ಶಾಲೆಯಲ್ಲಿ ತಂದೆಯ ಹೆಸರಿಗೆ ಅವನ ಹೆಸರು ಬೀಳುತ್ತದೆ. ಅವನೆದುರು ನಿರೋಧ್ ಮಾತೇ ಇಲ್ಲ. ನಾವು ವರ್ಷಗಟ್ಟಲೆ ಗಿರಾಕಿಗಳ ಬಗ್ಗೆ ಕೇಳುತ್ತಿದ್ದೆವು, ಅವರು ಗಿರಾಕಿಗಳ ಬಗ್ಗೆ ಹೇಳುತ್ತಿದ್ದರು. ಮನೆಯವನನ್ನು ಯಾರೂ ಕೇಳಿರಲಿಲ್ಲ. ಹೊಲಕ್ಕೆ ಬೇಲಿ ಹಾಕಿ ಮನೆ ಬಾಗಿಲು ತೆರೆದಿಟ್ಟ ಹಾಗಾಗಿತ್ತು.

ಮಹಾದೇವಿಯ ಮನೆಯವ ಶಿವಪ್ಪ. ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಹೇರುವ ಟೆಂಪೋ ಓಡಿಸುತ್ತಿದ್ದ, ನಮ್ಮ ಕಡೆಯವನೇ. ಮಾತು ಮೃದು, ಕುಡಿತ ಹಿತಮಿತ. ನಾನು ಧೈರ್ಯ ಮಾಡಿ ಅವನ ವಿಷಯ ಎತ್ತಿದೆ. ಮಹಾದೇವಿ ಸೊಂಟದ ಮೇಲೆ ಕೈಯಿಟ್ಟಳು.

"ನಿಮ್ಮ ಯಜಮಾನ್ರಿಗೆ ನೀವು ಹಾಕ್ಸತೀರೇನ್ರಿ?"

ನಾನು ಚೀಲದ ಬಾಯಿ ಬಿಗಿಯತೊಡಗಿದೆ. ಅವಳೇ ಮುಂದುವರಿಸಿದಳು.

"ಅವ್ರು ನನ್ನ ಜೇಜೂರಿಗೆ ಕರಕೊಂಡು ಹೋಗಿದ್ರು, ಗೊತ್ತದೇನು ನಿಮಗ?"

ಜೇಜುರಿಯ ಖಂಡೋಬಾ ನಮ್ಮವರಿಗೆ ಮೈಲಾರಲಿಂಗ. ಹೊಸದಾಗಿ ಮದುವೆಯಾದವರು ಅಲ್ಲಿಗೆ ಹೋದರೆ ಗಂಡ ಹೆಂಡತಿಯನ್ನು ಎತ್ತಿಕೊಂಡು ಒಂದಿಷ್ಟು ಮೆಟ್ಟಿಲು ಏರಬೇಕು, ಅದು ಪದ್ಧತಿ. ಶಿವಪ್ಪ ಅವಳನ್ನು ಎತ್ತಿಕೊಂಡು ಏರಿದ್ದ. "ತಾಳಿಲ್ಲ, ಅಕ್ಷತಿಲ್ಲ ಅಕ್ಕಾರ. ಆದರ ಅಷ್ಟ ಮಂದಿ ಮುಂದ ನನ್ನ ಎತಗೊಂಡ್ರು. ಮೈಯೆಲ್ಲ ಭಂಡಾರ ಆಗಿತ್ತು. ಯಾರೋ ಮುದುಕಿ ನಮ್ಮಿಬ್ಬರ ತಲಿ ಮ್ಯಾಲ ಕೈ ಇಟ್ಟು, ನೂರು ವರ್ಷ ಬಾಳ್ರಿ ಅಂದ್ಳು. ಅಂಥವ್ರಿಗೆ ಹಾಕ್ಕೋರಿ ಅಂದ್ರ ಅವ್ರೂ ಗಿರಾಕಿ ಆದಂಗ ಅಲ್ಲೇನು?" ಎಂದಳು. ಹೇಳುವಾಗ ಅವಳ ಮುಖ ಅರಳಿತ್ತು. ಸುಮ್ಮನೆ ಎದ್ದು ಬಂದೆ.

ಲಾಕ್‌ಡೌನ್ ಬಂದಾಗ ಆ ಗಲ್ಲಿ ಬಾಗಿಲು ಹಾಕಿತು. ಗಿರಾಕಿ ಇಲ್ಲ ಅಂದರೆ ಊಟ ಇಲ್ಲ. ನಾವು ಪಡಿಪದಾರ್ಥದ ಚೀಲ ಹಂಚಿದೆವು. ಅದರಲ್ಲಿ ಗೋಧಿ ಹಿಟ್ಟು. ಮಹಾದೇವಿ ನನಗೆ ಫೋನ್ ಮಾಡಿ, "ಅಕ್ಕಾರ, ಉಪವಾಸಾನೂ ಇದ್ದೇವು, ದಿನಾ ಚಪಾತಿ ತಿನ್ನಾಕ ಆಗೂದಿಲ್ರಿ. ಜ್ವಾಳದ ಹಿಟ್ಟು ಕಳಸ್ರಿ" ಅಂದಳು. ಬೇಡುವವರಿಗೂ ಎಷ್ಟು ಕೊಸರು ಎಂದು ಕುಲಕರ್ಣಿ ಸರ್ ಗೊಣಗಿದರೂ ಜೋಳದ ಹಿಟ್ಟು ಕಳಿಸಿದರು. ಹೆಂಗಸರು ರೊಟ್ಟಿ ಬಡಿದು ತಿಂದರು. ಉಳಿದದ್ದನ್ನು ಒಣಗಿಸಿ ಖಡಕ್ ಮಾಡಿಟ್ಟರು. ಅದೇ ಹೊತ್ತಿಗೆ ಕಾತ್ರಜದ ಆಚೆ ಕಟ್ಟಡ ಕಟ್ಟುವ ಕಡೆ ಕಲಬುರಗಿ, ಯಾದಗಿರಿ ಕಡೆಯ ಕೂಲಿ ಕುಟುಂಬಗಳು ಊರಿಗೆ ಹೋಗಲಾಗದೆ ಸಿಕ್ಕಿಕೊಂಡಿದ್ದವು. ಅವರಿಗೂ ನಾವೇ ಪಡಿ ಒಯ್ಯುತ್ತಿದ್ದೆವು. ಜೊತೆಗೆ ಈ ರೊಟ್ಟಿ, ಶೇಂಗಾ ಚಟ್ನಿ ಒಯ್ದೆವು. ಒಬ್ಬ ಗೌಂಡಿ ರೊಟ್ಟಿ ಮುರಿದು ಬಾಯಿಗಿಟ್ಟು, "ಇದು ನಮ್ಮ ಕಡಿ ಕೈರೀ" ಅಂದ. ಎಲ್ಲ ತೆರೆದ ಮೇಲೂ ಆ ಕೂಲಿಗಳು ರೊಟ್ಟಿ ಕೇಳುತ್ತಲೇ ಇದ್ದರು, ಈಗ ಕೊಂಡುಕೊಳ್ಳುತ್ತೇವೆ ಎಂದು. ಆಮೇಲೆ ಹೆದ್ದಾರಿಯಲ್ಲಿ ಕರ್ನಾಟಕದ ಬಸ್ಸು ಕಾಯುವವರೂ ಕೊಂಡರು. ನಾವು ಕಲಿಸಿದ್ದು ಹೊಲಿಗೆ ಮತ್ತು ಫಿನಾಯಿಲ್, ಮಾರಾಟವಾದದ್ದು ನಾವು ಕಲಿಸದ ರೊಟ್ಟಿ.

ಈ ರೊಟ್ಟಿ ಕೆಲಸಕ್ಕೆ ಸಂಸ್ಥೆಯಿಂದ ಒಲೆ, ಹಂಚು ಕೊಡಿಸಿ ಎಂದು ಕೇಳಲು ನಾನು ಮಹಾದೇವಿಯನ್ನೇ ಕುಲಕರ್ಣಿ ಸರ್ ಬಳಿ ಕರೆದೊಯ್ದೆ. ಅವರು ಕನ್ನಡಕ ಮೇಲೇರಿಸಿ, "ಅಹೋ ಬಾಯಿ, ಕೊಡೂನು. ಆದರ ನಿಯಮ ಅದ. ಮೊದಲು ಧಂಧಾ ಬಿಟ್ಟೀನಿ ಅಂತ ಬರದು ಕೊಡಬೇಕು" ಅಂದರು.

ಮಹಾದೇವಿ ಕುರ್ಚಿಯಲ್ಲಿ ಸರಿಯಾಗಿ ಕೂತಳು.

"ಸಾಹೇಬ್ರ, ಹುಚ್ಚು ಬಿಡೂತನಕ ಮದುವಿ ಆಗೂದಿಲ್ಲ, ಮದುವಿ ಆಗೂತನಕ ಹುಚ್ಚು ಬಿಡೂದಿಲ್ಲ ಅಂತ ನಮ್ಮ ಕಡಿ ಅಂತಾರ್ರಿ. ನಾಳಿಗೇ ಬಿಟ್ಟೆ ಅನ್ರಿ, ರೊಟ್ಟಿ ಮಾರಿ ಹೊಟ್ಟಿ ತುಂಬೂತನಕ ನಮ್ಮವ್ವಗ ಏನ ಹಾಕ್ಲಿ?"

"ನಿಯಮ ನಾ ಮಾಡಿಲ್ಲ."

"ನಾನೂ ಮಾಡಿಲ್ರಿ. ಒಂದ ಮಾತು ಕೇಳ್ರಿ. ಮೊದಲು ಹಸಿವಿ ಇದ್ದಾಗ, ಹಾಕ್ಕೊಳ್ಳೂದಿಲ್ಲ, ಹೆಚ್ಚ ಕೊಡತೀನಿ ಅಂದವಗ ಹೂಂ ಅಂದವ್ರು ಎಷ್ಟ ಮಂದಿ ಅದಾರ ಗಲ್ಲ್ಯಾಗ. ಮನ್ನೆ ಒಬ್ಬ ಹಂಗಂದ. ರೊಟ್ಟಿ ಡಬ್ಬಿ ತುಂಬಿತ್ತು ನಂದು. ಹೋಗೋ ಅಂದೆ. ಇಷ್ಟ ಸಾಲೂದಿಲ್ಲೇನ್ರಿ ನಿಮ್ಮ ನಿಯಮಕ್ಕ?"

ಕುಲಕರ್ಣಿ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮೇಲಿನವರೊಂದಿಗೆ ತಿಂಗಳುಗಟ್ಟಲೆ ಗುದ್ದಾಡಿ ಆ ನಿಯಮ ತೆಗೆಸಿದರು. ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಅಂದಿಗೆ ಇಳಿಯಿತು. ಹೊಸಬರಿಗೆ ಹೇಳುತ್ತೇನೆ, ಈ ಮಾತನ್ನು ಚೆನ್ನಾಗಿ ನೆನಪಿಡಿ. ರೊಟ್ಟಿ ಮಾರಿದ ಕೂಡಲೇ ಹೆಂಗಸು ಗಲ್ಲಿ ಬಿಟ್ಟು ಹೋಗುವುದಿಲ್ಲ. ಮೊದಲು ಒಬ್ಬನಿಗೆ ಬೇಡ ಅನ್ನುತ್ತಾಳೆ. ಆ ಒಬ್ಬನೇ ರೋಗ ತರುವವನಾಗಿರಬಹುದು. ನಿಮ್ಮ ಕೆಲಸ ಆಗುವುದು ಅಲ್ಲೇ.

ಗಿರಾಕಿಗೆ ಬೇಡ ಅನ್ನುವುದು ಹೀಗೆ ಸುಲಭವಾಯಿತು. ಮನೆಯವನಿಗೆ ಬೇಡ ಅನ್ನುವುದು ಹಾಗೇ ಉಳಿಯಿತು.

ಶಿವಪ್ಪ ಸೊರಗತೊಡಗಿದ. ಮೊದಲು ಬಿಡದ ಕೆಮ್ಮು, ಆಮೇಲೆ ಬಂದು ಬಂದು ಹೋಗುವ ಜ್ವರ. ಈರುಳ್ಳಿ ಚೀಲ ಎತ್ತುತ್ತಿದ್ದವನು ಸ್ಟಿಯರಿಂಗ್ ಹಿಡಿದು ಏದುಸಿರು ಬಿಡುತ್ತಿದ್ದ. ರಕ್ತ ತೋರಿಸು ಎಂದರೆ ಧೂಳಿನ ಕೆಮ್ಮು ಅನ್ನುತ್ತಿದ್ದ. ಒಂದು ಮಧ್ಯಾಹ್ನ ಮಹಾದೇವಿ ಕಚೇರಿಗೆ ಬಂದು ನನ್ನ ಎದುರು ಕೂತಳು. ಯಾವಾಗಲೂ ಬಾಗಿಲಿನಿಂದಲೇ ಮಾತು ಶುರು ಮಾಡುವವಳು ಅಂದು ಕೂತ ಮೇಲೆ ಬಾಯಿ ತೆರೆದಳು.

"ಅಂಜಿಕಿ ಬರಾಕತ್ತದ ಅಕ್ಕಾರ. ನನಗೇನರ ಆದ್ರ ಹುಡುಗಿ ಗತಿ ಏನು?"

"ಅವನಿಗೆ ಹೇಳಿದೇನು?"

"ಹೇಳ್ದೆ. ನಾನೇನು ಗಿರಾಕಿ ಏನ ಅಂದ್ರು. ಹಂಗಿದ್ರ ಖೋಲಿ ಬಿಡು ಅಂದ್ರು."

ಕಾತ್ರಜದ ಆ ಖೋಲಿಯ ಸಂಗತಿ ನನಗೆ ಆಗ ಗೊತ್ತಾಯಿತು. ಬಾಡಿಗೆ ಅವಳದೇ, ಠೇವಣಿ ಅವಳದೇ. ಕರಾರಿನಲ್ಲಿ ಹೆಸರು ಮಾತ್ರ ಶಿವಪ್ಪನದು, ಯಾಕೆಂದರೆ ಒಂಟಿ ಹೆಂಗಸಿಗೆ ಯಾರೂ ಖೋಲಿ ಕೊಟ್ಟಿರಲಿಲ್ಲ. ಮಾಲೀಕನ ಮುಂದೆ ಗಂಡನಾಗಿ ನಿಲ್ಲಲು ಅವನು ಬಂದಿದ್ದ. ಆ ಒಂದು ಉಪಕಾರ ಈಗ ಅವಳ ಕುತ್ತಿಗೆಗೆ ಬಂದಿತ್ತು. ಅವನು ಬೇಡ ಅಂದರೆ ಮುದುಕಿಯೂ ಹುಡುಗಿಯೂ ಬೀದಿಗೆ ಬರಬೇಕು, ಇಲ್ಲವೇ ಆ ಗಲ್ಲಿಗೆ ಬರಬೇಕು. ಮಗಳು ಆ ಗಲ್ಲಿ ಮೆಟ್ಟುವ ಬದಲು ತಾನು ರೋಗ ತಗೊಳ್ಳುವುದು ವಾಸಿ ಎಂದು ಅವಳು ಲೆಕ್ಕ ಹಾಕಿದ್ದಳು. ಅದನ್ನು ಬಾಯಿಬಿಟ್ಟೇ ಹೇಳಿದಳು. ನನ್ನ ಚೀಲದಲ್ಲಿ ಇದಕ್ಕೆ ಔಷಧಿ ಇರಲಿಲ್ಲ.

ಇಬ್ಬರೂ ಮನೆ ಹುಡುಕಲು ಹೊರಟೆವು. ಕಾತ್ರಜದ ಸುತ್ತ ತಿರುಗದ ಓಣಿಯಿಲ್ಲ. ಎಲ್ಲ ಕಡೆ ಮೊದಲ ಪ್ರಶ್ನೆ ಒಂದೇ, ಗಂಡ ಎಲ್ಲಿ. ತೀರಿಕೊಂಡ ಅಂದರೆ ಅಣ್ಣ ಎಲ್ಲಿ. ಅಣ್ಣ ಇಲ್ಲ ಅಂದರೆ ಮನೆ ಇಲ್ಲ. ಒಬ್ಬ ಮಾಲಕಿ ನಮಗೆ ನೀರು ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು, ನಿಮ್ಮ ಬಾಡಿಗೆ ಬಗ್ಗೆ ಅನುಮಾನವಿಲ್ಲ ಬಾಯಿ, ಮನೆಗೆ ಒಂದು ಗಂಡಸಿನ ಮುಖ ಬೇಕು ಅಷ್ಟೇ ಎಂದು ಬಹಳ ಪ್ರೀತಿಯಿಂದ ಹೇಳಿದಳು. ಗಂಡ ದುಬೈನಲ್ಲಿದ್ದಾನೆ ಅನ್ನು ಎಂದು ನಾನು ಕಿವಿಯಲ್ಲಿ ಉಸುರಿದೆ. "ಆಮ್ಯಾಲೆ ದುಬೈಯಿಂದ ಚಾಕಲೇಟ್ ಎಲ್ಲಿ ಅಂತ ಕೇಳ್ತಾರ್ರಿ" ಅಂದಳು ಮಹಾದೇವಿ. ಆ ಕಷ್ಟದಲ್ಲೂ ಇಬ್ಬರೂ ನಕ್ಕೆವು.

ಅಲ್ಲೇ ಹೆದ್ದಾರಿ ಪಕ್ಕ ಒಂದು ಕಿರಾಣಿ ಅಂಗಡಿ. ಅಂಗಡಿಯ ಶೆಟ್ಟರು ಬಾಗಲಕೋಟೆ ಕಡೆಯವರು, ಅಪ್ಪನ ಕಾಲದಿಂದ ಪುಣೆಯಲ್ಲಿ ವ್ಯಾಪಾರ. ನಮ್ಮ ಹೆಂಗಸರ ಖಡಕ್ ರೊಟ್ಟಿಯನ್ನು ಬಸ್ಸಿನ ಪ್ರಯಾಣಿಕರಿಗೆ ಅವರೇ ಮಾರುತ್ತಿದ್ದರು. ಅಂದು ಮನೆ ಹುಡುಕುತ್ತ ರೊಟ್ಟಿ ಡಬ್ಬಿಯನ್ನೂ ಹೊತ್ತುಕೊಂಡೇ ಹೋಗಿದ್ದೆವು. ಶೆಟ್ಟರು ಮಹಾದೇವಿಯ ಮುಖದ ಬೆವರು ನೋಡಿ, "ದಿನಾ ಅಷ್ಟ ದೂರದಿಂದ ಯಾಕ ಹೊತಗೊಂಡು ಬರ್ತೀರವಾ? ಬಾಜೂಕ ನಂದೇ ಅಂಗಡಿ ಖೋಲಿ ಖಾಲಿ ಅದ. ಅಲ್ಲೇ ಬಡೀರಿ" ಅಂದರು.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಶಟರ್ ಎತ್ತಿಸಿ ತೋರಿಸಿದರು. ಮುಂದೆ ಒಲೆ ಹಾಕುವಷ್ಟು ಜಾಗ, ಹಿಂದೆ ಬಚ್ಚಲು, ಮೇಲೆ ಮರದ ಅಟ್ಟ. ನಾನು ಗಂಡ ಎಲ್ಲಿ ಎಂಬ ಪ್ರಶ್ನೆಗೆ ಕಾಯುತ್ತ ನಿಂತೆ. ಶೆಟ್ಟರು ಕೇಳಿದರು:

"ಕಟ್ಟಿಗಿ ಒಲಿನೋ ಗ್ಯಾಸೋ?"

"ಗ್ಯಾಸರೀ" ಅಂದಳು ಮಹಾದೇವಿ.

"ಹಿಟ್ಟಿಗೆ ಇಲಿ ಬರ್ತಾವ. ಡಬ್ಬ್ಯಾಗ ಮುಚ್ಚಿ ಇಡಬೇಕು."

"ಮುಚ್ಚತೀನ್ರಿ. ಕರಾರು ಯಾರ ಹೆಸರಿಲೇರಿ?"

"ರೊಟ್ಟಿ ಯಾರು ಬಡೀತಾರ? ಅವರ ಹೆಸರಿಲೆ."

ಮಹಾದೇವಿ ನನ್ನ ತೋಳು ಚಿವುಟಿದ ಗುರುತು ಎರಡು ದಿನ ಇತ್ತು. ಮನೆ ಕೇಳಿದರೆ ಗಂಡ ಬೇಕು, ಅಂಗಡಿ ಕೇಳಿದರೆ ಗಂಡನ ಸುದ್ದಿಯೇ ಇಲ್ಲ. ಇಷ್ಟು ವರ್ಷ ಈ ಊರಲ್ಲಿದ್ದು ಇಷ್ಟು ಸಣ್ಣ ವಿಷಯ ನಮಗೆ ಯಾರಿಗೂ ಹೊಳೆದಿರಲಿಲ್ಲ. ಅವಳು ಮೆಲ್ಲಗೆ ಕೊನೆಯ ಮಾತು ತೆಗೆದಳು.

"ಅಟ್ಟದ ಮ್ಯಾಲ ಹಿಟ್ಟಿನ ಚೀಲದ ಜೋಡಿ ನಮ್ಮವ್ವ, ನನ್ನ ಮಗಳು ಮಲಗಿದ್ರ ನಡೀತದೇನ್ರಿ?"

ಶೆಟ್ಟರು ಅಟ್ಟ ನೋಡಿದರು, ಅವಳನ್ನು ನೋಡಿದರು. "ಹಿಟ್ಟು ಕಾಯಾಕ ಒಬ್ಬರು ಬೇಕಲಾ" ಅಂದರು.

ಒಲೆ, ಹಂಚು ಸಂಸ್ಥೆ ಕೊಟ್ಟಿತು. ಗಲ್ಲಿಯ ಇನ್ನೂ ಮೂವರು ಹೆಂಗಸರು ಜೊತೆಯಾದರು. ಕೆಲ ದಿನಗಳಲ್ಲಿ ಯಾರೋ ಪುಣ್ಯಾತ್ಮರು ಶೆಟ್ಟರಿಗೆ ಈ ಹೆಂಗಸರು ಎಲ್ಲಿಯವರು ಎಂದು ಕಿವಿಯೂದಿದರು. ನಾನು ಓಡಿಹೋದೆ. ಶೆಟ್ಟರು ತಲೆ ತಗ್ಗಿಸಿ ತೂಕ ಮಾಡುತ್ತಲೇ ಇದ್ದರು. ಒಂದು ತಿಂಗಳು ಆ ರೊಟ್ಟಿಯನ್ನು ತಾವು ತಿನ್ನುವುದು ಬಿಟ್ಟರು, ಮಾರುವುದು ಬಿಡಲಿಲ್ಲ. ಆಮೇಲೆ ತಿನ್ನುವುದನ್ನೂ ಮತ್ತೆ ಶುರು ಮಾಡಿದರು. ಮನುಷ್ಯರಿಂದ ಇದಕ್ಕಿಂತ ಹೆಚ್ಚು ನಿರೀಕ್ಷೆ ಇಟ್ಟುಕೊಂಡರೆ ಈ ಕೆಲಸದಲ್ಲಿ ನೀವು ಬಹಳ ದಿನ ಉಳಿಯುವುದಿಲ್ಲ.

ಶಿವಪ್ಪ ಬಂದದ್ದು ಒಂದು ಮಧ್ಯಾಹ್ನ. ನಾನು ಹಿಟ್ಟಿನ ಡಬ್ಬದ ಮೇಲೆ ಕೂತು ಬಿಸಿ ರೊಟ್ಟಿಗೆ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದೆ. ಉಳಿದ ಹೆಂಗಸರು ಊಟಕ್ಕೆ ಎದ್ದಿದ್ದರು. ಅವನು ಬಾಗಿಲಲ್ಲಿ ನಿಂತ. ಅಂಗಿ ಅವನ ಮೈಮೇಲೆ ಜೋತುಬಿದ್ದಿತ್ತು.

"ಖೋಲಿಗೆ ಹೋಗಿದ್ದೆ. ಕೀಲಿ ಹಾಕೇದ. ಅವ್ವ, ಹುಡುಗಿ ಎಲ್ಲಿ ಅದಾರ?"

ಮಹಾದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಇಲ್ಲೇ ಅದಾರ್ರಿ. ಕೀಲಿ ಮಾಲಕರ ಕಡಿ ಕೊಟ್ಟೀನಿ. ಆ ಖೋಲಿ ನಿಮ್ಮ ಹೆಸರಿಲೆ ಅದ, ನೀವ ಇಟಗೋರಿ."

"ಅಂದ್ರ ನನ್ನ ಬಿಟ್ಟಿ ಅನ್ನು."

"ಬಿಟ್ಟಿಲ್ರಿ. ನಾಳಿಗೆ ನನ್ನ ಜೋಡಿ ದವಾಖಾನಿಗೆ ಬರ್ರಿ. ರಕ್ತ ತೋರಸ್ರಿ. ಏನ ಬಂದ್ರೂ ಗುಳಿಗಿ ಅದಾವ, ಮಂದಿ ಛಲೋ ಬದುಕ್ಯಾರ. ಆದರ ಇನ್ನ ಮ್ಯಾಲ ನಿರೋಧ ಇಲ್ದ ನಾ ಒಲ್ಲೆ."

ಶಿವಪ್ಪ ನನ್ನ ಕಡೆ ತಿರುಗಿದ. "ಇದೆಲ್ಲ ಈ ಅಕ್ಕಾರ ಕಲಿಸ್ಯಾರ."

ನನ್ನ ಬಾಯಿ ತುಂಬ ರೊಟ್ಟಿ. ನಾನು ನುಂಗುವಷ್ಟರಲ್ಲಿ ಅವಳೇ ಹೇಳಿದಳು. "ಅಕ್ಕಾರ ಇಷ್ಟ ವರ್ಷದಿಂದ ಕಲಸಾಕತ್ತಾರ. ಆವಾಗ ನಾ ಯಾಕ ಅನ್ನಲಿಲ್ಲ, ಹೇಳ್ರಿ ನೋಡೂಣು."

ಹಂಚಿನ ಮೇಲಿನ ರೊಟ್ಟಿ ಹೊತ್ತಿ ವಾಸನೆ ಬರತೊಡಗಿತು. ಅವನು ತಿರುಗಿ ನಡೆದು ಟೆಂಪೋ ಹತ್ತಿದ. ಅವನು ಹೋದ ಮೇಲೆ ಮಹಾದೇವಿ ಕರಕಾದ ರೊಟ್ಟಿ ತೆಗೆದು ಬದಿಗಿಟ್ಟು, ಒಲೆ ಆರಿಸಿ, ಗೋಡೆಗೆ ಮುಖ ಮಾಡಿ ಅತ್ತಳು. ಧೈರ್ಯವಂತೆ ಅಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಹಳ ಹೊತ್ತು ಅತ್ತಳು. ಸಂಜೆ ಬಸ್ಸಿನ ಹೊತ್ತಿಗೆ ಎದ್ದು ಮತ್ತೆ ಒಲೆ ಹಚ್ಚಿದಳು.

ಬಹಳ ದಿನ ಅವನ ಸುಳಿವಿಲ್ಲ. ಫೋನ್ ಮಾಡಲಾ ಅಕ್ಕಾರ ಎಂದು ಅವಳು ಕೇಳುವುದು, ನಿನ್ನ ಇಷ್ಟ ಎಂದು ನಾನು ಹೇಳುವುದು, ಅವಳು ಮಾಡದೇ ಇರುವುದು ನಡೆದೇ ಇತ್ತು. ಆಮೇಲೆ ಒಂದು ಬೆಳಿಗ್ಗೆ ಅವನೇ ಪರೀಕ್ಷಾ ಕೇಂದ್ರದ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಯಾರಿಗೂ ಹೇಳಿರಲಿಲ್ಲ. ಅವನಿಗೆ ಎಚ್‌ಐವಿ ಇತ್ತು, ಜೊತೆಗೆ ಟಿಬಿಯೂ ಇತ್ತು. ಚಿಕಿತ್ಸೆ ಶುರುವಾಯಿತು. ಈ ವಿಷಯವನ್ನು ನಾವು ಅವಳಿಗೆ ಹೇಳುವ ಹಾಗಿರಲಿಲ್ಲ; ಅವನೇ ಹೋಗಿ ಹೇಳಿದ.

ಅಂದೇ ಮಹಾದೇವಿ ರಕ್ತ ತೋರಿಸಿದಳು. ಅವಳಿಗೆ ಎಚ್‌ಐವಿ ಇರಲಿಲ್ಲ. ಆದರೂ ಹೊಸದಾಗಿ ತಗುಲಿದ್ದರೆ ಕೂಡಲೇ ಕಾಣುವುದಿಲ್ಲ, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಬೇಕಿತ್ತು. ಆ ಮೂರು ತಿಂಗಳು ಅವಳ ಬಾಯಿ ಅರ್ಧ ಆಗಿತ್ತು. ರೊಟ್ಟಿ ಬಡಿಯುವುದು ಮಾತ್ರ ದುಪ್ಪಟ್ಟು. ಗಲ್ಲಿಗೆ ಹೋಗುವುದು ಕಡಿಮೆಯಾಗಿತ್ತು, ಪೂರ್ತಿ ನಿಂತಿರಲಿಲ್ಲ. ಬಿಟ್ಟಳೇ ಎಂದು ಕುಲಕರ್ಣಿ ಸರ್ ಕೇಳಿದರೆ, ಅವಳನ್ನೇ ಕೇಳಿ ಸರ್ ಅನ್ನುತ್ತಿದ್ದೆ. ಅವರಿಗೆ ಅಷ್ಟು ಧೈರ್ಯವಿರಲಿಲ್ಲ.

ಈಗ ನಿಮ್ಮ ಕಾಲದಲ್ಲಿ ಕೆಲಸದ ರೀತಿ ಬದಲಾಗಿದೆ. ಹೆಂಗಸರು ಬಾಗಿಲಲ್ಲಿ ನಿಲ್ಲುವುದಿಲ್ಲ, ಫೋನಿನಲ್ಲಿರುತ್ತಾರೆ. ಗಲ್ಲಿ ಬಿಟ್ಟು ಬಾಡಿಗೆ ಫ್ಲ್ಯಾಟುಗಳಿಗೆ ಹೋಗಿದ್ದಾರೆ. ನೀವು ವಾಟ್ಸಾಪಿನಲ್ಲಿ ಸಂದೇಶ ಕಳಿಸುತ್ತೀರಿ, ಅವರು ಹೆಬ್ಬೆರಳು ತೋರಿಸುತ್ತಾರೆ. ಇರಲಿ. ಆದರೆ ಹೇಗಾದರೂ ಮಾಡಿ ಒಂದು ಸಲ ಅವರ ಎದುರು ಹೋಗಿ ಕೂತು, ಈ ಫ್ಲ್ಯಾಟು ಯಾರ ಹೆಸರಲ್ಲಿದೆ ಎಂದು ಕೇಳಿ. ನಿರೋಧ್ ಮಾತು ಆಮೇಲೆ ತೆಗೆದರೂ ನಡೆಯುತ್ತದೆ.

ಎರಡನೆಯ ಸಲದ ರಕ್ತ ಪರೀಕ್ಷೆಯ ದಿನ ನಾನೂ ಜೊತೆಗೆ ಹೋಗಿದ್ದೆ. ಅಷ್ಟರಲ್ಲಿ ನನ್ನ ನಿವೃತ್ತಿಯಾಗಿತ್ತು, ಆದರೂ ಹೋದೆ. ಮಹಾದೇವಿ ಒಳಗೆ ಹೋಗಿ, ಫಲಿತಾಂಶ ಕೇಳಿಕೊಂಡು ಹೊರಗೆ ಬಂದಳು. ನನ್ನ ಹತ್ತಿರ ಬಂದು, "ಇಲ್ರಿ" ಎಂದಳು. ಅವಳನ್ನು ತಬ್ಬಿಕೊಂಡೆ. ಅವಳ ಸೆರಗಿನಲ್ಲಿ ಜೋಳದ ಹಿಟ್ಟು ಇತ್ತು, ನನ್ನ ಸೀರೆಗೂ ಹತ್ತಿತು. ಎದುರಿನ ಗಾಡಿಯಲ್ಲಿ ಇಬ್ಬರೂ ಚಹಾ ತೆಗೆದುಕೊಂಡೆವು. ಅವಳು ಕುಣಿದಾಡಿಯಾಳು ಅಂದುಕೊಂಡಿದ್ದೆ. ಅವಳು ಗ್ಲಾಸು ಹಿಡಿದು ಏನೋ ಯೋಚಿಸುತ್ತಿದ್ದಳು.

"ಅಕ್ಕಾರ, ಇಷ್ಟ ವರ್ಷ ನಾ ಅವ್ರಿಗೆ ಬ್ಯಾಡ ಅನ್ನಲಿಲ್ಲ. ಪ್ರೀತಿ ಅದ, ಅದಕ್ಕ ಅನ್ನವಲ್ಲೆ ಅಂತ ತಿಳಕೊಂಡಿದ್ದೆ. ಆ ಅಂಗಡಿ ಕರಾರಿಗೆ ಸಹಿ ಮಾಡಿದ ದಿನ ಗೊತ್ತಾತ್ರಿ, ಅದು ಅಂಜಿಕಿ ಇತ್ತು."

"ಹಂಗಾರ ಪ್ರೀತಿ ಇರಲೇ ಇಲ್ಲೇನು?"

"ಇತ್ತೋ ಇಲ್ಲೋ, ಅಂಜಿಕಿ ಇದ್ದಾಗ ಹೆಂಗ ಗೊತ್ತಾಗಬೇಕ್ರಿ? ಈಗ ನೋಡಾಕತ್ತೀನಿ." ಒಂದು ಗುಟುಕು ಕುಡಿದಳು. "ನಿನ್ನೆ ಬಂದಿದ್ರು. ಈಗ ಮೈ ಹಿಡದಾರ. ಹೊರಗ ನಿಂತು, ಒಳಗ ಬರ್ಲೇನು ಅಂತ ಕೇಳಿದ್ರು. ಇಷ್ಟ ವರ್ಷದಾಗ ಒಮ್ಮೆನೂ ಕೇಳಿದ್ದಿಲ್ರಿ ಅವ್ರು."

"ನೀ ಏನಂದಿ?"

"ರೊಟ್ಟಿ ಹಂಚಿನ ಮ್ಯಾಲ ಅದ, ಒಂದೀಟು ತಡೀರಿ ಅಂದೆ" ಎಂದಳು ಮಹಾದೇವಿ. "ತಡದ್ರು."